ತೂಕ ಇಳಿಸುವ ಚುಚ್ಚುಮದ್ದನ್ನು ನಿಲ್ಲಿಸಬಹುದೇ?

ಪ್ರಶ್ನೆ: ತೂಕ ಇಳಿಸಲು ವಾರಕ್ಕೊಮ್ಮೆ ಸೆಮಾಗ್ಲುಟೈಡ್ ಚುಚ್ಚಿಕೊಳ್ಳುತ್ತಿದ್ದೇನೆ. ಡೋಸ್ ಏರಿಸಿದ ಮೇಲೆ ವಾಕರಿಕೆ ಜಾಸ್ತಿಯಾಗಿದೆ. ಬೇಕಾದಷ್ಟು ತೂಕ ಇಳಿದ ಮೇಲೆ ನಿಲ್ಲಿಸಬಹುದೇ?

ಉತ್ತರ: ಊಟ ಮಾಡಿದಾಗ ಕರುಳಿನಿಂದ ಹಸಿವು ತಗ್ಗಿಸುವ ಜಿಎಲ್‌ಪಿ-1 ಎಂಬ ಹಾರ್ಮೋನು ಹೊರಡುತ್ತದೆ. ಒಂದೆರಡು ನಿಮಿಷದಲ್ಲೇ ಅದರಲ್ಲಿ ಅರ್ಧ ನಾಶವಾಗುತ್ತದೆ. ಅದನ್ನೇ ಹೋಲುವ ಸೆಮಾಗ್ಲುಟೈಡ್ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು. ಅಂದರೆ ಹಳೆಯದು ಉಳಿದಿರುವಾಗಲೇ ಮುಂದಿನದು ಸೇರುವುದರಿಂದ, ಹೊಸ ಡೋಸ್ ಶುರುಮಾಡಿದ ಮೇಲೂ ರಕ್ತದಲ್ಲಿ ಔಷಧದ ಮಟ್ಟ ನಾಲ್ಕೈದು ವಾರ ಏರುತ್ತಲೇ ಇರುತ್ತದೆ. 0.25 ಮಿ.ಗ್ರಾಂ.ನಿಂದ ಆರಂಭಿಸಿ ನಾಲ್ಕು ವಾರಕ್ಕೊಂದು ಮೆಟ್ಟಿಲಿನಂತೆ 0.5, 1, 1.7, ಕೊನೆಗೆ 2.4 ಮಿ.ಗ್ರಾಂ.ಗೆ ಹೋಗುವುದು ಇದಕ್ಕಾಗಿಯೇ. ಅವಸರದಲ್ಲಿ ಏರಿಸಿದವರಿಗೇ ವಾಕರಿಕೆ ಹೆಚ್ಚು ಕಾಡುತ್ತದೆ. ನಿಮ್ಮ ವೈದ್ಯರನ್ನು ಕೇಳಿ, ಹಿಂದಿನ ಡೋಸ್‌ನಲ್ಲೇ ಇನ್ನೊಂದು ತಿಂಗಳು ಇರಿ. ಅದರಿಂದ ಚಿಕಿತ್ಸೆಯೇನೂ ಕೆಡುವುದಿಲ್ಲ.

ಈ ಔಷಧದಿಂದ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ. ಆದ್ದರಿಂದ ಒಂದೊಂದು ಸಲಕ್ಕೆ ಸ್ವಲ್ಪವೇ ತಿನ್ನಿ, ಕರಿದದ್ದು ಬಿಡಿ, ಸಾಕೆನ್ನಿಸಿದ ಕೂಡಲೇ ಕೈ ತೊಳೆಯಿರಿ. ಪದೇಪದೇ ವಾಂತಿಯಾಗಿ ನೀರೂ ನಿಲ್ಲದಿದ್ದರೆ ಕಿಡ್ನಿಗೆ ಪೆಟ್ಟು ಬೀಳಬಹುದು. ಹೊಟ್ಟೆಯ ಮೇಲ್ಭಾಗದಲ್ಲಿ ಶುರುವಾಗಿ ಬೆನ್ನಿಗೆ ಹರಡುವ, ಬಿಡದ ನೋವು ಮೇದೋಜೀರಕ ಗ್ರಂಥಿಯ ಉರಿಯೂತದ ಲಕ್ಷಣವಿರಬಹುದು. ಆಗ ಮುಂದಿನ ಡೋಸ್ ತೆಗೆದುಕೊಳ್ಳದೆ ಅಂದೇ ಆಸ್ಪತ್ರೆಗೆ ಹೋಗಿ. ಜೊತೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಧುಮೇಹದ ಮಾತ್ರೆ ಇದ್ದರೆ ಅದರ ಪ್ರಮಾಣ ತಗ್ಗಿಸಬೇಕಾಗಬಹುದು, ಇಲ್ಲವಾದರೆ ಸಕ್ಕರೆ ಕುಸಿಯುತ್ತದೆ. ಡೋಸ್ ಮರೆತು ಐದು ದಿನ ದಾಟಿಲ್ಲದಿದ್ದರೆ ನೆನಪಾದಾಗ ಚುಚ್ಚಿಕೊಳ್ಳಿ. ದಾಟಿದ್ದರೆ ಅದನ್ನು ಬಿಟ್ಟು ಮುಂದಿನ ವಾರದ್ದು ಮಾತ್ರ. ಎರಡನ್ನೂ ಒಟ್ಟಿಗೆ ಬೇಡವೇ ಬೇಡ.

ಇನ್ನು ನಿಲ್ಲಿಸುವ ಮಾತು. 2021ರಲ್ಲಿ ಪ್ರಕಟವಾದ ಸ್ಟೆಪ್-1 ಅಧ್ಯಯನದಲ್ಲಿ 68 ವಾರಗಳಲ್ಲಿ ಸರಾಸರಿ ಶೇ. 15ರಷ್ಟು ತೂಕ ಇಳಿದಿತ್ತು. ಔಷಧ ನಿಲ್ಲಿಸಿದ ಒಂದು ವರ್ಷದೊಳಗೆ ಇಳಿದದ್ದರಲ್ಲಿ ಮೂರನೇ ಎರಡು ಭಾಗ ಮರಳಿ ಬಂತು. ಇದು ಮನಸ್ಸಿನ ಬಲದ ಪ್ರಶ್ನೆಯಲ್ಲ, ದಯವಿಟ್ಟು ನಿಮ್ಮನ್ನು ನೀವು ದೂಷಿಸಿಕೊಳ್ಳಬೇಡಿ. ಬಿಪಿ ಮಾತ್ರೆ ಬಿಟ್ಟರೆ ಬಿಪಿ ಏರುವ ಹಾಗೆ, ಔಷಧ ಹೋದರೆ ಹಸಿವು ವಾಪಸಾಗುತ್ತದೆ. ‘ಆರು ತಿಂಗಳ ಕೋರ್ಸ್’ ಎಂದು ಇದನ್ನು ಶುರುಮಾಡುವುದೇ ತಪ್ಪು. ತೂಕದ ಜೊತೆ ಸ್ನಾಯುವೂ ಕರಗುವುದರಿಂದ, ಸಾಕಷ್ಟು ಪ್ರೋಟೀನ್ ತಿನ್ನಿ, ವಾರಕ್ಕೆ ಎರಡು ದಿನವಾದರೂ ಭಾರ ಎತ್ತುವ ವ್ಯಾಯಾಮ ಮಾಡಿ. ಗರ್ಭ ಧರಿಸುವ ಯೋಚನೆ ಇರುವವರು ಮಾತ್ರ ಕನಿಷ್ಠ ಎರಡು ತಿಂಗಳು ಮೊದಲೇ ನಿಲ್ಲಿಸಬೇಕು.

ಪ್ರಶ್ನೆ: ಮಗನಿಗೆ ಟೈಪ್ 1 ಮಧುಮೇಹ. ಹತ್ತು ವರ್ಷದ ಮಗಳಿಗೆ ಬಾರದಂತೆ ತಡೆಯುವ ಔಷಧ ಬಂದಿದೆಯಂತೆ, ನಿಜವೇ?

ಉತ್ತರ: ಪೂರ್ತಿ ತಡೆಯುವುದಿಲ್ಲ, ಮುಂದೂಡುತ್ತದೆ. ಟೆಪ್ಲಿಜುಮ್ಯಾಬ್ ಎಂಬ ಈ ಔಷಧಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರ ನವೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳ ಮೇಲೆ ಎರಗುವ, ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳನ್ನು ಇದು ತಣ್ಣಗಾಗಿಸುತ್ತದೆ. 14 ದಿನ, ದಿನಕ್ಕೊಮ್ಮೆ ಡ್ರಿಪ್ ಮೂಲಕ ಕೊಡುತ್ತಾರೆ. 76 ಜನರ ಮೇಲೆ ನಡೆದ ಪ್ರಯೋಗದಲ್ಲಿ ಅರ್ಧದಷ್ಟು ಜನರಲ್ಲಿ ಕಾಯಿಲೆ ಕಾಣಿಸಿಕೊಳ್ಳಲು ಹಿಡಿದ ಅವಧಿ 24 ತಿಂಗಳಿಂದ 48 ತಿಂಗಳಿಗೆ ಹೋಯಿತು.

ಆದರೆ ಎಲ್ಲ ಒಡಹುಟ್ಟಿದವರಿಗೂ ಇದನ್ನು ಕೊಡುವಂತಿಲ್ಲ. ಮೊದಲು ಆಟೋ ಆ್ಯಂಟಿಬಾಡಿ (ದೇಹ ತನ್ನದೇ ಕೋಶಗಳ ವಿರುದ್ಧ ತಯಾರಿಸುವ ಪ್ರತಿಕಾಯ) ರಕ್ತಪರೀಕ್ಷೆ ಮಾಡಿಸಿ. ಎರಡು ಅಥವಾ ಹೆಚ್ಚು ಆ್ಯಂಟಿಬಾಡಿ ಇದ್ದು, ಸಕ್ಕರೆ ಕೂಡ ಏರುಪೇರಾಗಲು ಶುರುವಾಗಿದ್ದರೆ ಮಾತ್ರ ಇದು ಉಪಯೋಗಕ್ಕೆ ಬರುತ್ತದೆ. ಔಷಧ ಸಿಗದಿದ್ದರೂ ಪರೀಕ್ಷೆ ವ್ಯರ್ಥವಲ್ಲ. ಅಪಾಯ ಗೊತ್ತಿರುವ ಮಗುವಿಗೆ ಅತಿ ಬಾಯಾರಿಕೆ, ಪದೇಪದೇ ಮೂತ್ರ ಕಂಡ ದಿನವೇ ಸಕ್ಕರೆ ನೋಡುತ್ತೀರಿ. ಇನ್ಸುಲಿನ್ ಕೊರತೆಯಿಂದ ರಕ್ತ ಆಮ್ಲೀಯವಾಗುವ ಕೀಟೋಅಸಿಡೋಸಿಸ್‌ನಲ್ಲಿ ಐಸಿಯು ಸೇರುವುದು ತಪ್ಪುತ್ತದೆ.

ಪ್ರಶ್ನೆ: ಥೈರಾಯ್ಡ್ ಮಾತ್ರೆಯ ಡೋಸ್ ಬದಲಾಗಿಲ್ಲ, ಆದರೂ ಟಿಎಸ್‌ಎಚ್ (ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನು) ದಿಢೀರನೆ ಕೆಳಗಿಳಿದಿದೆ. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ನುಂಗುತ್ತಿದ್ದೇನೆ.

ಉತ್ತರ: ಬಯೋಟಿನ್ ಮೇಲೇ ಮೊದಲ ಅನುಮಾನ. ಅನೇಕ ಲ್ಯಾಬ್ ಕಿಟ್‌ಗಳು ಬಯೋಟಿನ್ ಅಂಟಿಸಿದ ಆ್ಯಂಟಿಬಾಡಿ ಬಳಸುತ್ತವೆ. ರಕ್ತದಲ್ಲಿ ತುಂಬಿಕೊಂಡ ಬಯೋಟಿನ್ ಅದರ ಜಾಗ ಹಿಡಿದು, ಟಿಎಸ್‌ಎಚ್ ಕಡಿಮೆಯಾಗಿಯೂ ಟಿ4 (ಥೈರಾಯ್ಡ್ ಹಾರ್ಮೋನು) ಹೆಚ್ಚಾಗಿಯೂ ತೋರುವಂತೆ ಮಾಡುತ್ತದೆ. ಆ ವರದಿ ನಂಬಿ, ಮಾತ್ರೆ ಹೆಚ್ಚಾಯಿತೆಂದು ಡೋಸ್ ಇಳಿಸಬೇಡಿ. ಕನಿಷ್ಠ ಎರಡು ದಿನ ಬಯೋಟಿನ್ ನಿಲ್ಲಿಸಿ ಮತ್ತೆ ಪರೀಕ್ಷೆ ಮಾಡಿಸಿ. ಪ್ರಮಾಣ ಹೆಚ್ಚಿದ್ದರೆ ಇನ್ನೂ ಕೆಲವು ದಿನ ಕಾಯಬೇಕು, ಲ್ಯಾಬ್‌ನವರಿಗೂ ವಿಷಯ ತಿಳಿಸಿ.