ಕೃಷ್ಣನ ನೀಲಿ ಪ್ರಿಂಟಿನಲ್ಲಿ ನೇರಳೆ ಆಗದ ಹಾಗೆ

ಅಷ್ಟಮಿ ಕಾರ್ಡಿಗೆ ಬಿಡಿಸಿದ ಕೃಷ್ಣ ಟ್ಯಾಬಿನಲ್ಲಿ ಹೊಳೆಯುವ ನೀಲಿ, ಉಡುಪಿಯಲ್ಲಿ ಪ್ರಿಂಟ್ ಹಾಕಿಸಿದರೆ ನೇರಳೆ, ಮೇಲಿಂದ ಕಪ್ಪಿಟ್ಟಿದೆ ಅಂತ ಕೇಳಿದ್ದೀರಿ. ಅಂಗಡಿಯವರನ್ನು ದೂರುವ ಮೊದಲು ಎರಡು ವಿಷಯ ನೋಡಿ ಮಾರಾಯ್ರೇ.

ಕಪ್ಪಿಟ್ಟದ್ದಕ್ಕೆ ಹೆಚ್ಚಾಗಿ ಸ್ಕ್ರೀನಿನ ಬ್ರೈಟ್‌ನೆಸ್ ಕಾರಣ. ಸ್ಕ್ರೀನ್ ತಾನೇ ಬೆಳಗುತ್ತದೆ, ಕಾಗದಕ್ಕೆ ಕೋಣೆಯ ಬೆಳಕೇ ಗತಿ. ಬಿಳಿ ಹಾಳೆಯೊಂದನ್ನು ಹಗಲು ಬೆಳಕಿನಲ್ಲಿ ಸ್ಕ್ರೀನಿನ ಪಕ್ಕ ಹಿಡಿದು, ಖಾಲಿ ಕ್ಯಾನ್ವಾಸ್ ಅದರಷ್ಟೇ ಬಿಳಿ ಕಾಣುವವರೆಗೆ ಇಳಿಸಿ. ಸ್ಕ್ರೀನ್ ಸೆಟ್ಟಿಂಗಿನಲ್ಲಿ ನೈಟ್ ಲೈಟ್, ವಿವಿಡ್ ಮೋಡ್ ಎರಡೂ ಬಂದ್ ಮಾಡಿ. ಪ್ರಿಂಟ್ ಮಾರುವ ಯೋಚನೆ ಇದ್ದರೆ ಕ್ಯಾಲಿಬ್ರೇಟರ್ (ಸ್ಕ್ರೀನಿನ ಬಣ್ಣ ಅಳೆದು ಸರಿಮಾಡುವ ಸಾಧನ) ತೆಗೆದುಕೊಳ್ಳುವುದು ಒಳ್ಳೆಯದು.

ನೀಲಿಯದ್ದು ಬೇರೆ ಕತೆ. ಸ್ಕ್ರೀನಿನ ಆ ಉಜ್ವಲ ನೀಲಿ ನಾಲ್ಕು ಇಂಕಿನ ಪ್ರಿಂಟಿಂಗಿನಲ್ಲಿ ಇಲ್ಲವೇ ಇಲ್ಲ. ಸಯಾನ್ (ಹಸಿರು ಛಾಯೆಯ ತಿಳಿನೀಲಿ ಇಂಕು), ಮಜೆಂಟಾ (ಕಡು ಗುಲಾಬಿ ಇಂಕು) ಸೇರಿಸಿ ನೀಲಿ ಮಾಡಬೇಕು, ಎರಡೂ ಸಮ ಆದರೆ ಅದು ನೇರಳೆಗೇ ಜಾರುತ್ತದೆ. ಸಯಾನ್ ಶೇ. 100 ಇದ್ದರೆ ಮಜೆಂಟಾ ಶೇ. 70ರ ಒಳಗೇ ಇರಲಿ. ಆರ್‌ಜಿಬಿ (ಸ್ಕ್ರೀನಿನ ಕೆಂಪು–ಹಸಿರು–ನೀಲಿ ಲೆಕ್ಕದ) ಫೈಲಿನಲ್ಲಾದರೆ ಕ್ರೀಟಾ ಅಥವಾ ಫೋಟೋಶಾಪಿನ ಸಾಫ್ಟ್ ಪ್ರೂಫ್ (ಪ್ರಿಂಟ್ ಹೇಗೆ ಬರುತ್ತದೆಂದು ಸ್ಕ್ರೀನಿನಲ್ಲೇ ತೋರಿಸುವ ಸೌಲಭ್ಯ) ಹಾಕಿಕೊಂಡು ನೀಲಿಯನ್ನು ಸ್ವಲ್ಪ ಸಯಾನ್ ಕಡೆಗೆ ತಿರುಗಿಸಿ. ಪ್ರೂಫ್ ಹಾಕಿದ ಕೂಡಲೇ ಚಿತ್ರ ಮಂಕಾಗುತ್ತದೆ, ನೋಡಿ ಬೇಸರ ಆಗುತ್ತದೆ. ಆದರೆ ಕಾಗದದಲ್ಲಿ ಬರುವುದು ಅದೇ, ಹಾಗಾಗಿ ಅದನ್ನು ನೋಡಿಕೊಂಡೇ ತಿದ್ದಬೇಕು. ಸ್ಯಾಚುರೇಶನ್ (ಬಣ್ಣದ ತೀವ್ರತೆ) ಏರಿಸಬೇಡಿ, ಇಂಕಿಗೆ ಎಟುಕದ್ದು ಏರಿಸಿದರೂ ಎಟುಕುವುದಿಲ್ಲ, ನೆರಳು–ಬೆಳಕಿನ ಸೂಕ್ಷ್ಮವೆಲ್ಲ ಒಂದೇ ಬಣ್ಣವಾಗಿ ಅಂಟಿಕೊಳ್ಳುತ್ತದೆ. ಬದಲಿಗೆ ಪೀತಾಂಬರವನ್ನು ಮೈಗೆ ತಾಗುವ ಹಾಗೆ ತನ್ನಿ. ಹಳದಿ ಸ್ವತಃ ಒಂದು ಇಂಕು, ಬೆರಕೆಯಿಲ್ಲದೆ ಸ್ವಚ್ಛವಾಗಿ ಬೀಳುತ್ತದೆ. ಅದರ ಪಕ್ಕದಲ್ಲಿ ಸಾಧಾರಣ ನೀಲಿಯೂ ಎದ್ದು ಕಾಣುತ್ತದೆ. ನನಗೆ ಇದರಷ್ಟು ಉಪಕಾರ ಮಾಡಿದ ಉಪಾಯ ಇನ್ನೊಂದಿಲ್ಲ.

ಅಂಗಡಿಯಲ್ಲಿ ಮೊದಲೇ ಕೇಳಿ: ಆಫ್‌ಸೆಟ್ಟಾ, ಲೇಸರ್ರಾ, ಇಂಕ್‌ಜೆಟ್ಟಾ? ಇಂಕ್‌ಜೆಟ್ ಫೋಟೋ ಪ್ರಿಂಟರಿಗೆ ನೀವೇ ಸಿಎಂವೈಕೆಗೆ (ನಾಲ್ಕು ಇಂಕಿನ ಲೆಕ್ಕಕ್ಕೆ) ಬದಲಿಸಿ ಕೊಡುವುದು ಬೇಡ, ಎಸ್‌ಆರ್‌ಜಿಬಿ ಪ್ರೊಫೈಲ್ (ಬಣ್ಣ ಯಾವ ಲೆಕ್ಕದ್ದು ಎಂದು ಹೇಳುವ ಮಾಹಿತಿ) ಸೇರಿಸಿದ ಫೈಲೇ ಸಾಕು. ಆಫ್‌ಸೆಟ್ಟಾದರೆ ಅವರ ಪ್ರೊಫೈಲ್ ಕೇಳಿ ಪಡೆಯಿರಿ, ಸಾಫ್ಟ್ ಪ್ರೂಫಿಗೂ ಅದೇ ಬೇಕು. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ ಅಥವಾ ಪೆನ್‌ಡ್ರೈವಿನಲ್ಲಿ ಕೊಡಿ.

ಕಾರ್ಡೆಲ್ಲ ಹಾಕಿಸುವ ಮೊದಲು ಒಂದು ಎ4 ಹಾಳೆಯಲ್ಲಿ ಕೃಷ್ಣನ ಮುಖ, ನವಿಲುಗರಿ ಇಷ್ಟನ್ನೇ ಐದು ಬಗೆಯ ನೀಲಿಯಲ್ಲಿ ಸಾಲಾಗಿ ಪ್ರಿಂಟ್ ಹಾಕಿಸಿ, ಪ್ರತಿಯೊಂದರ ಕೆಳಗೆ ನಂಬರ್ ಬರೆದಿಡಿ. ಕಾರ್ಡಿಗೆ ಬಳಸುವ ಕಾಗದವೇ ಆಗಬೇಕು. ನಾನೊಮ್ಮೆ ಗ್ಲಾಸಿಯಲ್ಲಿ ಟೆಸ್ಟ್ ನೋಡಿ ಕಾರ್ಡು ಮ್ಯಾಟ್‌ನಲ್ಲಿ ಹಾಕಿಸಿದೆ, ನವಿಲುಗರಿಯ ಹಸಿರು ಸತ್ತೇ ಹೋಯಿತು, ಅಷ್ಟೂ ಕಾರ್ಡು ಹಾಗೇ ಉಳಿಯಿತು. ಇಂಕ್‌ಜೆಟ್ ಆದರೆ ಒಂದು ದಿನ ಒಣಗಲು ಬಿಡಿ. ಆಮೇಲೆ ಟ್ಯೂಬ್‌ಲೈಟಿನ ಕೆಳಗಲ್ಲ, ಚಾವಡಿಗೆ ತಂದು ಹಗಲಿನಲ್ಲಿ ನೋಡಿ. ಈ ಮಳೆಗೆ ಕಾಗದ ಥಂಡಿ ಎಳೆಯುತ್ತದೆ, ತಂದ ಕಾರ್ಡುಗಳನ್ನು ಸಿಲಿಕಾ ಜೆಲ್ ಹಾಕಿದ ಕವರಿನಲ್ಲಿಡಿ.

ಹಾಳೆ ಕೈಗೆ ಬಂದ ಮೇಲೆ ಯಾವ ನಂಬರ್ ಹಿಡಿಸಿತು, ಕಾಗದ ಯಾವುದು ಅಂತ ಇಲ್ಲೇ ಬರೆಯಿರಿ. ನವಿಲುಗರಿಯ ಹಸಿರನ್ನು ಆಗ ನೋಡುವ.