ಮೂರೇ ಕಾರ್ಡ್‌ಗಳ ‘ಜಾನಿ ಬಿ. ಗುಡ್’ ಇನ್ನೂ ಯಾಕೆ ಹಳೆಯದಾಗಿಲ್ಲ?

ಅಮೆರಿಕದ ರಾಕ್ ಅಂಡ್ ರೋಲ್ ಗಾಯಕ, ಗಿಟಾರ್ ವಾದಕ ಚಕ್ ಬೆರಿಯವರ ‘ಜಾನಿ ಬಿ. ಗುಡ್’ 1958ರ ಹಾಡು, ಇರುವುದು ಮೂರೇ ಕಾರ್ಡ್ (chord, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು), ಆದರೂ ಜನ ಇನ್ನೂ ಯಾಕೆ ಅದನ್ನೇ ನುಡಿಸುತ್ತಾರೆ ಅಂತ ಕೇಳಿದ್ದೀರಿ. ಮೂರು ಕಾರ್ಡ್ ಅನ್ನುವುದು ನಿಜ. ಕಪ್ಪು ಅಮೆರಿಕನ್ನರ ಬ್ಲೂಸ್ ಸಂಗೀತದಿಂದ ಬಂದ, ಹನ್ನೆರಡು ಬಾರ್‌ಗಳ (ತಾಳದ ಆವರ್ತಗಳ) ಚೌಕಟ್ಟು ಅದು. ಅದೇ ಚೌಕಟ್ಟಿನಲ್ಲಿ ಬಂದ ಎಷ್ಟೋ ಹಾಡುಗಳನ್ನು ಜನ ಮರೆತೂ ಆಗಿದೆ. ಹಾಗಾಗಿ ಗುಟ್ಟು ಅಲ್ಲಿಲ್ಲ.

ನನಗೆ ಕಥೆಯೇ ಮುಖ್ಯ ಅನ್ನಿಸುತ್ತದೆ. ನ್ಯೂ ಆರ್ಲಿಯನ್ಸ್ ಕಡೆಯ ಕಾಡಿನಲ್ಲಿ ಒಂದು ಮರದ ಮನೆ, ಅಲ್ಲೊಬ್ಬ ಹುಡುಗ. ಓದು ಬರಹ ಅಷ್ಟಕ್ಕಷ್ಟೆ. ಗಿಟಾರನ್ನು ಗೋಣಿಚೀಲದಲ್ಲಿ ಹೊತ್ತುಕೊಂಡು ಹೋಗಿ, ರೈಲು ಹಳಿ ಪಕ್ಕದ ಮರದಡಿ ಕೂತು ಬಾರಿಸುತ್ತಾನೆ. ಒಂದು ದಿನ ನಿನ್ನ ಹೆಸರು ದೀಪದಲ್ಲಿ ಬೆಳಗುತ್ತದೆ ಅಂತ ಅಮ್ಮ ಹೇಳುತ್ತಾಳೆ. ಅಷ್ಟೇ, ಕಥೆ ಮುಗಿಯಿತು. ಹುಡುಗ ದೊಡ್ಡ ಹೆಸರು ಮಾಡಿದನೋ ಇಲ್ಲವೋ, ಹಾಡು ಹೇಳುವುದೇ ಇಲ್ಲ! ಆದರೆ ನಡುವೆ ಬರುವ ಗಿಟಾರ್ ಕೇಳಿದವರಿಗೆ ಆ ಅನುಮಾನ ಉಳಿಯುವುದಿಲ್ಲ. ಮಾತಿನಲ್ಲಿ ಜಾನಿ ಇನ್ನೂ ಮರದ ಕೆಳಗಿದ್ದಾನೆ, ಗಿಟಾರಿನಲ್ಲಿ ಆಗಲೇ ಗೆದ್ದಿದ್ದಾನೆ. ಗಿಟಾರ್ ಹಿಡಿದ ಪ್ರತಿ ಹುಡುಗ ಹುಡುಗಿಗೂ ಇದು ತಮ್ಮದೇ ಹಾಡು ಅನ್ನಿಸದೆ ಇರುತ್ತದಾ?

ಶುರುವಿನ ಆ ಪ್ರಸಿದ್ಧ ಗಿಟಾರ್ ತುಣುಕು ಪೂರ್ತಿ ಬೆರಿಯವರದ್ದಲ್ಲ. 1946ರಲ್ಲಿ ಲೂಯಿ ಜೋರ್ಡನ್ ಅವರ ಹಾಡೊಂದಕ್ಕೆ ಗಿಟಾರ್ ವಾದಕ ಕಾರ್ಲ್ ಹೋಗನ್ ನುಡಿಸಿದ್ದನ್ನು ಹೆಚ್ಚುಕಡಿಮೆ ಹಾಗೇ ಎತ್ತಿಕೊಂಡಿದ್ದಾರೆ. ಎರಡನ್ನೂ ಒಂದರ ಹಿಂದೊಂದು ಕೇಳಿ ನೋಡಿ, ಮಜಾ ಇದೆ. ಹೋಗನ್ ಕೈಯಲ್ಲಿ ಅದು ಹಾಡಿಗೆ ಬರೀ ಪೀಠಿಕೆ. ಬೆರಿ ಅದನ್ನೇ ಜಾನಿಯ ದನಿ ಮಾಡಿಬಿಟ್ಟರು. ಎರಡೆರಡು ತಂತಿ ಒಟ್ಟಿಗೆ ಮೀಟುವುದರಿಂದ ಆ ಖಡಕ್ ಸದ್ದು ಬರುತ್ತದೆ. ಕೇಳಲು ಸುಲಭ, ಆದರೆ ಹಾಡು ಇರುವುದು ಬಿ ಫ್ಲ್ಯಾಟ್ ಶ್ರುತಿಯಲ್ಲಿ. ಬೆರಳಿಂದ ಒತ್ತದೆ ಮೀಟುವ ಖಾಲಿ ತಂತಿಗಳ ಸಹಾಯ ಜಾಸ್ತಿ ಸಿಗುವುದಿಲ್ಲ. ಕಲಿಯುವವರು ಸುಮ್ನೆ ‘ಎ’ ಶ್ರುತಿಗೆ ಇಳಿಸಿಕೊಂಡು ನುಡಿಸುತ್ತಾರೆ, ತಪ್ಪೇನಿಲ್ಲ.

ಅಂದ ಹಾಗೆ, ಬೆರಿ ಹಳ್ಳಿಯವರೇ ಅಲ್ಲ. ಹುಟ್ಟಿದ್ದು ಸೇಂಟ್ ಲೂಯಿಸ್ ಪಟ್ಟಣದ ಗುಡ್ ಅವೆನ್ಯೂನಲ್ಲಿ. ಜಾನಿಯ ಹೆಸರಿನ ಬಾಲ ಬಂದದ್ದು ಅಲ್ಲಿಂದಲೇ. ಮೊದಲು ಅವರು ಬರೆದದ್ದು ಕಪ್ಪು ಹುಡುಗ ಅಂತ. ಬಿಳಿಯರ ರೇಡಿಯೋಗಳು ಹಾಕುವುದಿಲ್ಲ ಅನ್ನಿಸಿ ಹಳ್ಳಿ ಹುಡುಗ ಅಂತ ತಿದ್ದಿದರು. ಹಾಡು ಅಮೆರಿಕದ ಜನಪ್ರಿಯ ಪಾಪ್ ಹಾಡುಗಳ ಪಟ್ಟಿಯಲ್ಲಿ 8ನೇ ಸ್ಥಾನಕ್ಕೆ ಏರಿತು. ಆ ರಾಜಿ ನೆನೆದರೆ ನನಗೆ ಈಗಲೂ ಬೇಜಾರು.

1977ರಲ್ಲಿ ವಾಯೇಜರ್ ನೌಕೆಗಳ ಜೊತೆ ಬಾಹ್ಯಾಕಾಶಕ್ಕೆ ಕಳಿಸಿದ ಚಿನ್ನದ ಲೇಪದ ಧ್ವನಿಮುದ್ರಣ ತಟ್ಟೆಯಲ್ಲಿ ಈ ಹಾಡೂ ಇದೆ. ಹಿಂದೂಸ್ತಾನಿ ಗಾಯಕಿ ಕೇಸರಬಾಯಿ ಕೇರ್ಕರ್ ಅವರ ಭೈರವಿಯೂ, ಕನ್ನಡದ ಒಂದು ಶುಭಾಶಯವೂ ಅದೇ ತಟ್ಟೆಯಲ್ಲಿವೆ. ಗೊತ್ತಿತ್ತಾ?

ಇನ್ನೂ ಕೇಳಿಲ್ಲ ಅಂದರೆ ಚೆಸ್ ರೆಕಾರ್ಡ್ಸ್ ಕಂಪನಿ ಹೊರತಂದ ಮೂಲ ಧ್ವನಿಮುದ್ರಣದಿಂದಲೇ ಶುರು ಮಾಡಿ, ಮೂರು ನಿಮಿಷವೂ ಇಲ್ಲ. ಹಿಂದೆ ಉಕ್ಕುತ್ತಿರುವ ಪಿಯಾನೋ ಕಡೆ ಕಿವಿ ಇರಲಿ. ಆಮೇಲೆ 1970ರಲ್ಲಿ ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ನುಡಿಸಿದ್ದನ್ನು ಹಾಕಿ. ಅದು ಬೇರೆಯದೇ ಆರ್ಭಟ, ಆದರೆ ನನ್ನ ಓಟು ಬೆರಿಗೇ.