ಕ್ಯಾಲೆಂಡರಿನ ಖಾಲಿ ಚೌಕಗಳು

ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ. ಅವಳನ್ನು ಸುಮಾ ಅನ್ನೋಣ. ಶಿರಸಿ ಹತ್ತಿರದ ಹಳ್ಳಿ, ಎರಡು ಎಕರೆ ಅಡಿಕೆ ತೋಟ. ಬಿ.ಎಸ್ಸಿ. ಕೊನೆಯ ವರ್ಷ, ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ. ಮುಂದೆ ಏನು ಓದಬೇಕು ಅಂತ ಸಲಹೆ ಕೇಳಲು ಆಗಸ್ಟಿನ ಒಂದು ಮಧ್ಯಾಹ್ನ ಅಪ್ಪನ ಜೊತೆ ಕೊಡೆ ಮಡಚಿಕೊಂಡು ನನ್ನ ಹತ್ತಿರ ಬಂದಳು.

ಅವಳಿಗೆ ಸಂಖ್ಯಾಶಾಸ್ತ್ರದಲ್ಲಿ, ಅಂದರೆ ಸ್ಟಾಟಿಸ್ಟಿಕ್ಸ್‌ನಲ್ಲಿ, ಎಂ.ಎಸ್ಸಿ. ಮಾಡುವ ಆಸೆ. ಅಪ್ಪನಿಗೆ ಬಿ.ಎಡ್. ಮಾಡಿಸುವ ಆಸೆ. "ಸಂಖ್ಯಾಶಾಸ್ತ್ರ ಓದಿ ಎಂತ ಮಾಡೂದು ಮೇಡಂ? ಊರಲ್ಲಿ ಅದನ್ನ ಓದಿದವ್ರು ಒಬ್ರೂ ಇಲ್ಲೆ," ಅಂದರು.

ಇದು ಅಪ್ಪ ಮಗಳ ಜಗಳ ಅಂತಲೇ ನಾನೂ ಅಂದುಕೊಂಡೆ. ಅಪ್ಪನನ್ನು ಚಹಾಕ್ಕೆ ಕಳಿಸಿ ಮಗಳನ್ನು ಮಾತಾಡಿಸಿದಾಗ ಗೊತ್ತಾಯಿತು, ಜಾಸ್ತಿ ಹೆದರಿದ್ದು ಮಗಳೇ. ಡಿಗ್ರಿಯಲ್ಲಿ ಸ್ಟಾಟಿಸ್ಟಿಕ್ಸ್ ಓದದವರನ್ನು ಯಾರೂ ತಗೊಳ್ಳಲ್ಲ ಅಂತ ಸೀನಿಯರ್ ಒಬ್ಬಳು ಹೇಳಿದ್ದಳಂತೆ. ನಿಯಮ ನೀನೇ ಓದಿದ್ದೀಯಾ ಅಂತ ಕೇಳಿದೆ. ಇಲ್ಲ.

"ಸಂಖ್ಯಾಶಾಸ್ತ್ರವೇ ಯಾಕೆ?" ಅಂದೆ. "ಸ್ಕೋಪ್ ಇದೆ ಮೇಡಂ." ಈ ಉತ್ತರವನ್ನು ವಾರಕ್ಕೆ ನಾಲ್ಕು ಸಲ ಕೇಳುತ್ತೇನೆ. ಸುಮ್ಮನಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಅವಳು ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿದಳು.

ಅಡುಗೆಮನೆಯ ಗೋಡೆಯ ಕ್ಯಾಲೆಂಡರ್. ಅಪ್ಪ ದಿನಾ ಬೆಳಿಗ್ಗೆ ಅಂಗಳದ ಮಳೆಮಾಪಕ ನೋಡಿ ಆ ದಿನದ ಚೌಕದಲ್ಲಿ ಇಂಚಿನ ಲೆಕ್ಕ ಬರೆಯುತ್ತಾರೆ. ಮಳೆಗಾಲದಲ್ಲಿ ಅಡಿಕೆಗೆ ಬರುವ ಕೊಳೆ ರೋಗಕ್ಕೆ ಮದ್ದು ಹೊಡೆದ ದಿನ ಒಂದು ಸುತ್ತು ಹಾಕುತ್ತಾರೆ. ಹೀಗೆ ಒಂಬತ್ತು ವರ್ಷದ ಕ್ಯಾಲೆಂಡರ್ ಅಟ್ಟದ ಮೇಲಿದೆ. ಮಳೆಗೂ ಕೊಳೆಗೂ ಏನು ಸಂಬಂಧ ಅಂತ ನೋಡಲು ಸುಮಾ ಎಲ್ಲವನ್ನೂ ಎಕ್ಸೆಲ್‌ಗೆ ಹಾಕಲು ಕೂತಿದ್ದಳು. ನಡುನಡುವೆ ಖಾಲಿ ಚೌಕ ಸಿಕ್ಕವು. ಮೊದಲು ಅಲ್ಲೆಲ್ಲ ಸೊನ್ನೆ ತುಂಬಿದಳು. ಆಮೇಲೆ ಅನುಮಾನ ಬಂತು: ಇದು ಮಳೆ ಬಾರದ ದಿನವೋ, ಅಪ್ಪ ಬರೆಯದ ದಿನವೋ? ಕೇಳಿದ್ದಕ್ಕೆ ಅಪ್ಪ, "ಹುಯ್ಯೋ ಮಳೇಲಿ ಅಂಗಳಕ್ಕೆ ಇಳಿಯೂದು ಹೆಂಗೆ?" ಅಂದರಂತೆ. ಅಂದರೆ ಜುಲೈನ ಕೆಲವು ಖಾಲಿ ಚೌಕಗಳು ಜೋರು ಮಳೆಯ ದಿನಗಳೇ! ಸೊನ್ನೆ ಹಾಕಿದರೆ ಲೆಕ್ಕ ಪೂರ್ತಿ ತಲೆಕೆಳಗು. ಆ ದಿನಗಳನ್ನು ಸುಮ್ನೆ ಕೈಬಿಟ್ಟರೂ ಸರಾಸರಿ ನಿಜಕ್ಕಿಂತ ಕಡಿಮೆ ಬರುತ್ತದೆ. "ಹಾಗಾದ್ರೆ ಏನು ಮಾಡಬೇಕು ಮೇಡಂ?" ಅಂತ ನನ್ನನ್ನೇ ಕೇಳಿದಳು. ನನಗೆ ಗೊತ್ತಿರಲಿಲ್ಲ. ಆದರೆ ಇಂಥ ಕಳೆದುಹೋದ ಅಂಕಿಗಳನ್ನು ಹೇಗೆ ನಿಭಾಯಿಸುವುದು ಅನ್ನುವುದೇ ಸಂಖ್ಯಾಶಾಸ್ತ್ರದಲ್ಲಿ ಒಂದು ದೊಡ್ಡ ವಿಷಯ ಅಂತ ಗೊತ್ತಿತ್ತು. ಅದನ್ನು ಹೇಳಿದೆ. ಭಾರತೀಯ ಸಾಂಖ್ಯಿಕ ಸಂಸ್ಥೆಯನ್ನು 1931ರಲ್ಲಿ ಕಟ್ಟಿದ ಮಹಾಲನೋಬಿಸ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರಾಗಿದ್ದರು ಅಂತಲೂ ಹೇಳಿದೆ.

ಇನ್ನು ಕೊಟ್ಟ ಸಲಹೆ. ಮೊದಲಿಗೆ, ಸೀನಿಯರ್ ಮಾತು ಅರ್ಧ ಮಾತ್ರ ನಿಜ. ಕೆಲವು ಸಂಸ್ಥೆಗಳು ಡಿಗ್ರಿಯಲ್ಲಿ ಸಂಖ್ಯಾಶಾಸ್ತ್ರವನ್ನೇ ಕೇಳುತ್ತವೆ. ಕೆಲವಕ್ಕೆ ನಾಲ್ಕು ಸೆಮಿಸ್ಟರ್ ಗಣಿತ ಸಾಕು. ಒಂದು ಹಾಳೆಯಲ್ಲಿ ಸಂಸ್ಥೆಯ ಹೆಸರು, ಎದುರಿಗೆ ಅರ್ಹತೆಯ ಸಾಲನ್ನು ಇದ್ದ ಹಾಗೇ ಬರೆದುಕೊಂಡು ಬಾ ಅಂದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವಿಭಾಗಕ್ಕೆ ಫೋನ್ ಮಾಡದೆ, ಖುದ್ದಾಗಿ ಹೋಗಿ ಕೇಳು ಅಂದೆ.

ಐಐಟಿಗಳಲ್ಲಿ ಎಂ.ಎಸ್ಸಿ. ಸೇರಲು ಜಾಮ್ ಅನ್ನುವ ಪ್ರವೇಶ ಪರೀಕ್ಷೆ. ಅರ್ಜಿ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ಶುರು, ಪರೀಕ್ಷೆ ಫೆಬ್ರವರಿಯಲ್ಲಿ. ಗಣಿತೀಯ ಸಂಖ್ಯಾಶಾಸ್ತ್ರದ ಪತ್ರಿಕೆಯಲ್ಲಿ ಗಣಿತದ ಪಾಲು ಕಡಿಮೆ, ಸಂಖ್ಯಾಶಾಸ್ತ್ರದ್ದೇ ಜಾಸ್ತಿ. ಕ್ಯಾಲ್ಕುಲಸ್, ಮ್ಯಾಟ್ರಿಕ್ಸ್ ಅವಳಿಗೆ ಬರುತ್ತದೆ. ಬಾರದ್ದು ಸಂಭವನೀಯತೆ ಮತ್ತು ಅದರ ಮೇಲೆ ನಿಲ್ಲುವ ಪಾಠಗಳು. ದಿನಕ್ಕೆ ಎರಡು ತಾಸು ಅದಕ್ಕೇ ಕೊಡು, ಎನ್‌ಪಿಟೆಲ್ ಅನ್ನುವ ಆನ್‌ಲೈನ್ ತಾಣದಲ್ಲಿ ಪಾಠಗಳು ಪುಕ್ಕಟೆ ಸಿಗುತ್ತವೆ ಅಂದೆ. ಸಾಂಖ್ಯಿಕ ಸಂಸ್ಥೆಯ ಸ್ನಾತಕೋತ್ತರ ಕೋರ್ಸಾದ ಎಂ.ಸ್ಟಾಟ್‌ನ ಪ್ರವೇಶ ಪರೀಕ್ಷೆಯ ಹಳೇ ಪ್ರಶ್ನೆಗಳನ್ನೂ ಬಿಡಿಸು, ಅಲ್ಲಿ ಉತ್ತರ ವಿವರವಾಗಿ ಬರೆಯುವುದೂ ಇರುತ್ತದೆ ಅಂದೆ. ಡೇಟಾ ಸೈನ್ಸ್ ಅಂತ ದೊಡ್ಡ ಬೋರ್ಡ್ ಹಾಕಿಕೊಂಡ ದುಬಾರಿ ಕೋರ್ಸುಗಳ ವಿಷಯ ಅವಳೇ ತೆಗೆದಳು. ಮೊದಲು ಪಠ್ಯಕ್ರಮ ನೋಡು, ಆಮೇಲೆ ಹೆಸರು ನೋಡು ಅಂದೆ.

ಚಹಾ ಮುಗಿಸಿ ಅಪ್ಪ ಬಂದರು. ಅವರನ್ನು ಒಪ್ಪಿಸುವ ಗೋಜಿಗೆ ನಾನು ಹೋಗಲಿಲ್ಲ. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಆದವರು ಕೇಂದ್ರ ಸರ್ಕಾರದ ನೌಕರಿಯಾದ ಇಂಡಿಯನ್ ಸ್ಟಾಟಿಸ್ಟಿಕಲ್ ಸರ್ವಿಸ್‌ನ ಪರೀಕ್ಷೆ ಬರೆಯಬಹುದು, ನಡೆಸುವುದು ಯುಪಿಎಸ್‌ಸಿ ಅಂತ ಅಷ್ಟೇ ಹೇಳಿದೆ. "ಯುಪಿಎಸ್‌ಸಿಯಾ?" ಅಂತ ಕುರ್ಚಿ ಹತ್ತಿರ ಎಳೆದುಕೊಂಡರು. ಬಿ.ಎಡ್. ಬೇಕಾದರೆ ಆಮೇಲೂ ಮಾಡಬಹುದಲ್ವಾ ಅಂತ ಮಗಳೇ ಸೇರಿಸಿದಳು. ಅವರು ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ.

ಅಕ್ಟೋಬರಿನಲ್ಲಿ ಫೋನ್ ಬಂತು. ಅರ್ಜಿ ತುಂಬಿದ್ದಳು. ಜಾಮ್‌ನ ಒಂದು ಹಳೇ ಪತ್ರಿಕೆ ಗಡಿಯಾರ ಇಟ್ಟುಕೊಂಡು ಬಿಡಿಸಿದ್ದಳು. 100ಕ್ಕೆ 27. ಧ್ವನಿ ಬಾಡಿತ್ತು. ಎಲ್ಲಿ ಹೋಯಿತು ಅಂತ ಲೆಕ್ಕ ಹಾಕಿಸಿದೆ. ಒಂದೇ ಸರಿಯುತ್ತರ ಇರುವ ಮೊದಲ ವಿಭಾಗದಲ್ಲಿ ತಪ್ಪಿಗೆ ಅಂಕ ಕಳೆಯುತ್ತಾರೆ, ಇವಳು ಅಲ್ಲೇ ಅಂದಾಜಿಗೆ ಗುರುತು ಹಾಕಿದ್ದಳು. ಉತ್ತರವನ್ನು ಸಂಖ್ಯೆಯಾಗಿ ಬರೆಯುವ ವಿಭಾಗದಲ್ಲಿ ಅಂಕ ಕಳೆಯುವುದಿಲ್ಲ, ಅದನ್ನು ಖಾಲಿ ಬಿಟ್ಟಿದ್ದಳು. "ಅಲ್ಲೂ ಖಾಲಿ ಚೌಕವಾ?" ಅಂದೆ. ನಕ್ಕಳು.

"ಅಪ್ಪ ಈಗ ಮಳೆ ಇಲ್ಲದ ದಿನ ಸೊನ್ನೆ ಬರೀತಾರೆ ಮೇಡಂ. ಬರೆಯೋಕೆ ಆಗದಿದ್ರೆ ಇಂಟು," ಅಂದಳು.